ನಾಲ್ಕು ಬಾಟಲಿ ಥೈರಾಯ್ಡ್ ಮಾತ್ರೆ, ನನ್ನ ಡೋಸ್ ಯಾವುದು?

ಪ್ರಶ್ನೆ: ನನಗೆ 44 ವರ್ಷ, ತೂಕ 62 ಕೆ.ಜಿ., ಊರು ದಾವಣಗೆರೆ. ಥೈರಾಯ್ಡ್ ಹಾರ್ಮೋನ್ ಕಡಿಮೆ ಇದೆಯೆಂದು ಮೂರು ವರ್ಷಗಳಿಂದ ಬೆಳಗಿನ ಕಾಫಿಯ ಜೊತೆಗೇ 75 ಮೈಕ್ರೋಗ್ರಾಂ ಲೆವೊಥೈರಾಕ್ಸಿನ್ ತೆಗೆದುಕೊಳ್ಳುತ್ತಿದ್ದೆ. ಟಿಎಸ್‌ಎಚ್ ಪ್ರತಿ ಸಲವೂ 2ರಿಂದ 3ರ ನಡುವೆ ಇರುತ್ತಿತ್ತು. ಈ ಫೆಬ್ರವರಿಯಲ್ಲಿ ಹಿಮೋಗ್ಲೋಬಿನ್ 9.2ಕ್ಕೆ ಇಳಿದದ್ದರಿಂದ ಕಬ್ಬಿಣದ ಮಾತ್ರೆ ಕೊಟ್ಟರು, ಅದನ್ನು ತಿಂಡಿಯ ಜೊತೆ ನುಂಗುತ್ತಿದ್ದೆ. ಏಪ್ರಿಲ್‌ನಲ್ಲಿ ಟಿಎಸ್‌ಎಚ್ 9.1 ಬಂದು ಡೋಸ್ 100ಕ್ಕೆ ಏರಿತು. ಮೂರು ವಾರಕ್ಕೆ ನಾನಾಗಿಯೇ ಪರೀಕ್ಷೆ ಮಾಡಿಸಿದಾಗ 6.4 ಇತ್ತು, ಅದನ್ನು ನೋಡಿದ ಇನ್ನೊಬ್ಬ ವೈದ್ಯರು 125 ಬರೆದರು. ಮೇ ಕೊನೆಗೆ ಕಬ್ಬಿಣದ ಮಾತ್ರೆ ಮುಗಿಯಿತು. ಕೂದಲು ಉದುರುತ್ತಿತ್ತೆಂದು ಜೂನ್‌ನಲ್ಲಿ ಬಯೋಟಿನ್ ಮಾತ್ರೆ ಶುರುಮಾಡಿದೆ. ಜುಲೈ ಹೊತ್ತಿಗೆ ಎದೆ ಬಡಿತ ಜೋರಾಯಿತು, ನಿದ್ದೆ ಹೋಯಿತು, ಟಿಎಸ್‌ಎಚ್ 0.15. ಹೆದರಿ ನಾನೇ 50ಕ್ಕೆ ಇಳಿಸಿಕೊಂಡೆ. ಈಗ ಅಕ್ಟೋಬರ್ ಕೊನೆಯಲ್ಲಿ 14.8 ಬಂದಿದೆ. ನಾದಿನಿಯು ‘ಥೈರಾಯ್ಡ್ ಇಷ್ಟೊಂದು ಜಾಸ್ತಿಯಾಗಿದೆ, ಮಾತ್ರೆ ಇನ್ನೂ ಕಡಿಮೆ ಮಾಡಿ ಅತ್ತಿಗೆ’ ಎನ್ನುತ್ತಾಳೆ. ಮನೆಯಲ್ಲಿ 50, 75, 100, 125ರ ನಾಲ್ಕು ಬಾಟಲಿಗಳಿವೆ. ಇವುಗಳಲ್ಲಿ ನನ್ನದು ಯಾವುದು?

ಉತ್ತರ: ಮೊದಲು ನಿಮ್ಮ ನಾದಿನಿಯ ಮಾತನ್ನೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ನಮ್ಮಲ್ಲಿ ಬಹಳ ಜನ ಎಡವುವುದು ಅಲ್ಲಿಯೇ. ‘ಥೈರಾಯ್ಡ್ 14 ಇದೆ’ ಎಂದು ನಾವು ಮಾತಿಗೆ ಹೇಳುತ್ತೇವೆ. ಆದರೆ ಟಿಎಸ್‌ಎಚ್ ಎಂಬುದು ಥೈರಾಯ್ಡ್ ಗ್ರಂಥಿಯ ಹಾರ್ಮೋನ್ ಅಲ್ಲವೇ ಅಲ್ಲ. ಅದು ಮೆದುಳಿನ ಕೆಳಗಿರುವ ಪಿಟ್ಯೂಟರಿ ಗ್ರಂಥಿ ಹೊರಡಿಸುವ ಹಾರ್ಮೋನ್. ರಕ್ತದಲ್ಲಿ ಥೈರಾಕ್ಸಿನ್, ಅಂದರೆ ಥೈರಾಯ್ಡ್ ಗ್ರಂಥಿಯ ಹಾರ್ಮೋನ್ (ನಿಮ್ಮ ಲೆವೊಥೈರಾಕ್ಸಿನ್ ಮಾತ್ರೆಯಲ್ಲಿರುವುದೂ ಅದೇ), ಕಡಿಮೆಯಾದರೆ ಪಿಟ್ಯೂಟರಿ ‘ಇನ್ನಷ್ಟು ಬೇಕು’ ಎಂದು ಕೂಗು ಹಾಕುತ್ತದೆ, ಟಿಎಸ್‌ಎಚ್ ಏರುತ್ತದೆ. ಥೈರಾಕ್ಸಿನ್ ಹೆಚ್ಚಾದರೆ ಸುಮ್ಮನಾಗುತ್ತದೆ, ಟಿಎಸ್‌ಎಚ್ ಇಳಿಯುತ್ತದೆ. ಆದುದರಿಂದ ನಿಮ್ಮ 14.8ರ ಅರ್ಥ ಹಾರ್ಮೋನ್ ಸಾಲುತ್ತಿಲ್ಲ ಎಂದು, 0.15ರ ಅರ್ಥ ಅದು ಅತಿಯಾಗಿದೆ ಎಂದು. ಈಗ ಮಾತ್ರೆಯನ್ನು ಇನ್ನೂ ಇಳಿಸಿದರೆ ಕಾಲು ಊದಿಕೊಳ್ಳುವುದು, ಮಲಬದ್ಧತೆ, ಮೈಭಾರ, ಮಂಕು ಇವೆಲ್ಲ ಹೆಚ್ಚಾಗುತ್ತವೆ. ದಯವಿಟ್ಟು ಇಳಿಸಬೇಡಿ.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡಬೇಕು. 0.15ರಿಂದ 14.8ಕ್ಕೆ ಹೋದದ್ದನ್ನು ನೋಡಿದರೆ ನೂರು ಪಟ್ಟು ಏರುಪೇರಾದಂತೆ ಕಾಣುತ್ತದೆ, ನಿಮಗೆ ಗಾಬರಿಯಾದದ್ದು ಸಹಜ. ಆದರೆ ಟಿಎಸ್‌ಎಚ್ ಮತ್ತು ಥೈರಾಕ್ಸಿನ್ ಒಂದಕ್ಕೊಂದು ಸಮಸಮವಾಗಿ ಏರಿಳಿಯುವುದಿಲ್ಲ. ರಕ್ತದಲ್ಲಿನ ಫ್ರೀ ಟಿ4 (ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಥೈರಾಕ್ಸಿನ್) ಅರ್ಧಕ್ಕೆ ಇಳಿದರೆ ಟಿಎಸ್‌ಎಚ್ ನೂರು ಪಟ್ಟಿನವರೆಗೂ ಏರಬಲ್ಲದು. ನೀವು ನುಂಗಿದ್ದು 125ರಿಂದ 50ಕ್ಕೆ, ಅಂದರೆ ಎರಡೂವರೆ ಪಟ್ಟಿನ ವ್ಯತ್ಯಾಸ ಮಾತ್ರ. ಪಿಟ್ಯೂಟರಿ ಸಣ್ಣ ಕೊರತೆಗೂ ದೊಡ್ಡ ದನಿ ಎತ್ತುವ ಸ್ವಭಾವದ್ದು. ಈ ಪರೀಕ್ಷೆ ಅಷ್ಟು ಸೂಕ್ಷ್ಮವಾಗಿರುವುದು ಆ ಸ್ವಭಾವದಿಂದಲೇ, ಆದರೆ ಅಂಕಿಯ ಗಾತ್ರವನ್ನು ಕಂಡು ಡೋಸನ್ನೂ ಅದೇ ಅಳತೆಯಲ್ಲಿ ಎಳೆದಾಡಿದರೆ ತಪ್ಪಾಗುತ್ತದೆ.

ನೀವು ಕಳುಹಿಸಿದ ವಿವರಗಳನ್ನು ತಿಂಗಳವಾರು ಒಂದು ಹಾಳೆಯಲ್ಲಿ ಬರೆದುಕೊಂಡು ನೋಡಿದೆ. ನಿಮ್ಮ ಥೈರಾಯ್ಡ್ ಗ್ರಂಥಿಯ ಸ್ಥಿತಿ ಈ ವರ್ಷ ಬದಲಾಗಿದೆ ಎಂದು ಹೇಳಲು ಅದರಲ್ಲಿ ನನಗೆ ಆಧಾರ ಸಿಗಲಿಲ್ಲ. ಫೆಬ್ರವರಿಯಲ್ಲಿ ಬದಲಾದದ್ದು ಕಬ್ಬಿಣದ ಮಾತ್ರೆ. ಲೆವೊಥೈರಾಕ್ಸಿನ್ ಸಣ್ಣ ಕರುಳಿನಲ್ಲಿ ಹೀರಿಕೆಯಾಗುವ ಔಷಧ. ಖಾಲಿ ಹೊಟ್ಟೆಯಲ್ಲಿ ನುಂಗಿದರೂ ಅದರ ಸುಮಾರು 70ರಿಂದ 80% ಮಾತ್ರ ರಕ್ತಕ್ಕೆ ಸೇರುತ್ತದೆ. ಕಬ್ಬಿಣವು ಹೊಟ್ಟೆಯಲ್ಲಿ ಅದಕ್ಕೆ ಅಂಟಿಕೊಂಡು, ಹೀರಿಕೆಯಾಗದಂತೆ ಹೊರಕ್ಕೆ ಸಾಗಿಸಿಬಿಡುತ್ತದೆ. ಕ್ಯಾಲ್ಸಿಯಂ ಮಾತ್ರೆಯದೂ ಇದೇ ಕೆಲಸ. ಆದ್ದರಿಂದಲೇ ಇವೆರಡನ್ನೂ ಥೈರಾಯ್ಡ್ ಮಾತ್ರೆಯಿಂದ ಕನಿಷ್ಠ 4 ಗಂಟೆ ದೂರವಿಡಬೇಕು ಎನ್ನುವುದು. ನಿಮ್ಮ ಕಾಫಿಗೂ ತಿಂಡಿಗೂ ನಡುವೆ ಬಹಳವೆಂದರೆ ಒಂದೂವರೆ ಗಂಟೆ ಇದ್ದೀತು. ಬಾಟಲಿಯ ಮೇಲೆ 75 ಎಂದೇ ಇತ್ತು, ಆದರೆ ನಿಮ್ಮ ರಕ್ತಕ್ಕೆ ಸೇರುತ್ತಿದ್ದುದು ಅದಕ್ಕಿಂತ ಕಡಿಮೆ ಡೋಸಿನವರಿಗೆ ಸೇರುವಷ್ಟು. ಏಪ್ರಿಲ್‌ನ 9.1 ಹುಟ್ಟಿದ್ದು ಬಹುಮಟ್ಟಿಗೆ ಅಲ್ಲಿಂದ. ಆ ದಿನ ಯಾರಾದರೂ ‘ಹೊಸದಾಗಿ ಬೇರೆ ಯಾವ ಮಾತ್ರೆ ಶುರುವಾಗಿದೆ?’ ಎಂದು ಒಂದು ಮಾತು ಕೇಳಿದ್ದರೆ ಡೋಸ್ ಮುಟ್ಟುವ ಪ್ರಮೇಯವೇ ಬರುತ್ತಿರಲಿಲ್ಲ. ಕಬ್ಬಿಣವನ್ನು ರಾತ್ರಿಗೆ ತಳ್ಳಿದ್ದರೆ ಸಾಕಿತ್ತು.

ಮುಂದಿನ ತೊಡಕು ಮೂರು ವಾರದ ಪರೀಕ್ಷೆಯದು. ಲೆವೊಥೈರಾಕ್ಸಿನ್‌ನ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು 7 ದಿನ. ಡೋಸ್ ಬದಲಿಸಿದ ಮೇಲೆ ರಕ್ತದಲ್ಲಿನ ಪ್ರಮಾಣವು ಒಂದು ವಾರಕ್ಕೆ ಅರ್ಧ ದಾರಿ, ಎರಡು ವಾರಕ್ಕೆ ಮುಕ್ಕಾಲು ದಾರಿ ಸಾಗಿ, ಹೊಸ ಮಟ್ಟದಲ್ಲಿ ನೆಲೆ ನಿಲ್ಲಲು ಐದಾರು ವಾರ ಬೇಕು. ಪಿಟ್ಯೂಟರಿಯ ಪ್ರತಿಕ್ರಿಯೆ ಅದಕ್ಕಿಂತಲೂ ಹಿಂದೆ ಬೀಳುತ್ತದೆ. ಬಚ್ಚಲ ಒಲೆಗೆ ಸೌದೆ ಇಟ್ಟು ಹಂಡೆಯ ನೀರಿಗೆ ಕೈ ಅದ್ದಿ, ಇನ್ನೂ ತಣ್ಣಗಿದೆಯೆಂದು ಮತ್ತೊಂದು ಹೊರೆ ಸೌದೆ ತುರುಕಿದವರಿಗೆ ಆಮೇಲೆ ಏನಾಗುತ್ತದೆಂದು ಗೊತ್ತು: ಮೀಯುವ ಹೊತ್ತಿಗೆ ನೀರು ಕೊತಕೊತ ಕುದಿಯುತ್ತಿರುತ್ತದೆ. ನಿಮ್ಮ 6.4 ಇಳಿಯುತ್ತಿದ್ದ ಅಂಕಿ, ನಿಂತ ಅಂಕಿಯಲ್ಲ. ಇನ್ನು ಮೂರು ನಾಲ್ಕು ವಾರ ಕಾದಿದ್ದರೆ 100ರ ಡೋಸಿನಲ್ಲಿಯೇ ಅದು ಎಲ್ಲಿ ನಿಲ್ಲುತ್ತಿತ್ತೆಂದು ತಿಳಿಯುತ್ತಿತ್ತು. ಡೋಸ್ ಬದಲಾದ ಮೇಲೆ 6ರಿಂದ 8 ವಾರಕ್ಕೆ ಟಿಎಸ್‌ಎಚ್ ಮಾಡಿಸಿ ಎಂದು ವೈದ್ಯರು ಹೇಳುವುದರ ಹಿಂದೆ ಈ ಲೆಕ್ಕವಿದೆ. ಆತುರಕ್ಕೆ ಬಿದ್ದು ನೀವಾಗಿಯೇ ಮಾಡಿಸಿಕೊಂಡ ಪರೀಕ್ಷೆಯನ್ನು, ನಿಮ್ಮ ಹಿಂದಿನ ಡೋಸ್ ಬದಲಾದ ದಿನಾಂಕ ಗೊತ್ತಿಲ್ಲದ ವೈದ್ಯರ ಮುಂದೆ ಇಟ್ಟದ್ದರಿಂದ ಅವರಿಗೂ ಅದು ಕೇವಲ ‘6.4, ಡೋಸ್ 100’ ಎಂದಷ್ಟೇ ಕಂಡಿರಬೇಕು.

ಮೇ ಕೊನೆಯಲ್ಲಿ ಕಬ್ಬಿಣ ನಿಂತಿತು. ಕಬ್ಬಿಣ ಕಸಿದುಕೊಳ್ಳುತ್ತಿದ್ದ ಪಾಲೂ ಆಗ ದೇಹಕ್ಕೆ ಸೇರತೊಡಗಿತು, ಅದೂ 125ರ ಡೋಸಿನಿಂದ. ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆದುಹಾಕಿದ ವಯಸ್ಕರಿಗೂ ಬೇಕಾಗುವುದು ದಿನಕ್ಕೆ, ತೂಕದ ಪ್ರತಿ ಕೆ.ಜಿ.ಗೆ ಸುಮಾರು 1.6 ಮೈಕ್ರೋಗ್ರಾಂ. ನಿಮ್ಮ 62 ಕೆ.ಜಿ.ಗೆ ಅದು 99ರ ಆಸುಪಾಸು. ನಿಮ್ಮ ಗ್ರಂಥಿ ಅಲ್ಪಸ್ವಲ್ಪವಾದರೂ ಕೆಲಸ ಮಾಡುತ್ತಿರುವುದರಿಂದಲೇ ಮೂರು ವರ್ಷ 75 ಸಾಕಾಗಿತ್ತು. ಅಂಥವರಿಗೆ 125 ಅತಿಯಾಯಿತು. ಜುಲೈನಲ್ಲಿ ಎದೆ ಹೊಡೆದುಕೊಂಡದ್ದಕ್ಕೂ ನಿದ್ದೆ ಹೋದದ್ದಕ್ಕೂ ಇದೇ ಕಾರಣವಿರಬೇಕು. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ: ತಿಂಗಳುಗಟ್ಟಲೆ ಟಿಎಸ್‌ಎಚ್ 0.1ರ ಸಮೀಪ ಉಳಿದರೆ, ವಿಶೇಷವಾಗಿ ವಯಸ್ಸಾದವರಲ್ಲಿ, ಹೃದಯದ ಲಯ ತಪ್ಪುವ ಅಪಾಯ ಹೆಚ್ಚುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಸವೆಯುತ್ತದೆ. ನೀವು ಡೋಸ್ ಇಳಿಸಿದ ದಿಕ್ಕು ಸರಿಯೇ. ಆದರೆ ಒಮ್ಮೆಲೇ 50ಕ್ಕೆ ಧುಮುಕಿದ್ದು ಹೆಚ್ಚಾಯಿತು, ವೈದ್ಯರಿಗೆ ತಿಳಿಸದೆ ಮಾಡಿದ್ದು ಅದಕ್ಕಿಂತ ಹೆಚ್ಚಾಯಿತು. ಸಾಮಾನ್ಯವಾಗಿ ನಾವು 12.5 ಅಥವಾ 25 ಮೈಕ್ರೋಗ್ರಾಂಗಳ ಮೆಟ್ಟಿಲುಗಳಲ್ಲಿ ಏರಿಳಿಯುತ್ತೇವೆ.

ಈಗ ಬಯೋಟಿನ್ ಎಂಬ ಬಿ ಗುಂಪಿನ ವಿಟಮಿನ್ನಿನ ವಿಷಯ. ಇದು ರೋಗಿಗಳಿಗೆ ಮಾತ್ರವಲ್ಲ, ಎಷ್ಟೋ ವೈದ್ಯರಿಗೂ ತಡವಾಗಿ ಹೊಳೆಯುವ ಸಂಗತಿ. ನಮ್ಮ ದೇಹಕ್ಕೆ ದಿನಕ್ಕೆ ಬೇಕಾದ ಬಯೋಟಿನ್ ಸುಮಾರು 30 ಮೈಕ್ರೋಗ್ರಾಂ ಮಾತ್ರ. ಕೂದಲಿನ ಮಾತ್ರೆಗಳಲ್ಲಿ ಇರುವುದು 5 ಅಥವಾ 10 ಮಿಲಿಗ್ರಾಂ, ಅಂದರೆ ನೂರಾರು ಪಟ್ಟು. ಹಲವು ಲ್ಯಾಬ್‌ಗಳ ಯಂತ್ರಗಳಲ್ಲಿ ಹಾರ್ಮೋನ್ ಅಳೆಯುವ ರಾಸಾಯನಿಕ ಕ್ರಿಯೆಯೇ ಬಯೋಟಿನ್ ಅಂಟುವ ಗುಣವನ್ನು ನೆಚ್ಚಿಕೊಂಡಿರುತ್ತದೆ. ರಕ್ತದಲ್ಲಿ ಮಾತ್ರೆಯ ಬಯೋಟಿನ್ ತುಂಬಿದ್ದರೆ ಯಂತ್ರ ಮೋಸಹೋಗಿ ಟಿಎಸ್‌ಎಚ್ಚನ್ನು ಇರುವುದಕ್ಕಿಂತ ಕಡಿಮೆಯೆಂದೂ ಫ್ರೀ ಟಿ4 ಅನ್ನು ಇರುವುದಕ್ಕಿಂತ ಹೆಚ್ಚೆಂದೂ ತೋರಿಸುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿಯೇ ಇದರ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು. ಎಲ್ಲ ಯಂತ್ರಗಳಿಗೂ ಈ ತೊಂದರೆ ಇಲ್ಲ, ಆದರೆ ನಿಮ್ಮ ಲ್ಯಾಬಿನಲ್ಲಿ ಯಾವ ಯಂತ್ರವಿದೆಯೆಂದು ವಿಚಾರಿಸುತ್ತ ಕೂರುವುದಕ್ಕಿಂತ ಬಯೋಟಿನ್ ಮಾತ್ರೆ ನಿಲ್ಲಿಸುವುದು ಸುಲಭ. ಜುಲೈನ 0.15ರಲ್ಲಿ ಬಯೋಟಿನ್ ಪಾಲೂ ಇದ್ದಿರಬಹುದು. ನಿಮಗೆ ಲಕ್ಷಣಗಳು ಸ್ಪಷ್ಟವಾಗಿದ್ದುದರಿಂದ ಡೋಸ್ ಹೆಚ್ಚಾಗಿತ್ತು ಎಂಬುದನ್ನು ಮಾತ್ರ ನಾನು ಅನುಮಾನಿಸುವುದಿಲ್ಲ. ಈಗಲೂ ಬಯೋಟಿನ್ ನುಂಗುತ್ತಿದ್ದರೆ ನಿಜವಾದ ಟಿಎಸ್‌ಎಚ್ 14.8ಕ್ಕಿಂತಲೂ ಮೇಲಿರಬಹುದು.

ಅಂದಹಾಗೆ, ಜೂನ್‌ನಲ್ಲಿ ಉದುರಿದ ಕೂದಲಿಗೆ ಬಯೋಟಿನ್ ಬೇಕಿರಲಿಲ್ಲವೆಂದೇ ನನ್ನ ಅಭಿಪ್ರಾಯ. ದೇಹಕ್ಕೆ ಪೆಟ್ಟು ಬಿದ್ದ ಎರಡು ಮೂರು ತಿಂಗಳ ನಂತರ ಕೂದಲು ಉದುರುವುದು ವಾಡಿಕೆ. ಫೆಬ್ರವರಿಯ ರಕ್ತಹೀನತೆ, ಏಪ್ರಿಲ್‌ನ ಥೈರಾಕ್ಸಿನ್ ಕೊರತೆ ಎರಡೂ ಸೇರಿ ಜೂನ್‌ನಲ್ಲಿ ಬಾಚಣಿಗೆಗೆ ಬಂದಿವೆ. ಈ ವರ್ಷದ ಏರಿಳಿತದಿಂದ ಇನ್ನೂ ಸ್ವಲ್ಪ ಉದುರಬಹುದು. ಟಿಎಸ್‌ಎಚ್ ನೆಲೆ ನಿಂತ ಕೆಲವು ತಿಂಗಳಲ್ಲಿ ಹತೋಟಿಗೆ ಬರುತ್ತದೆ.

ಹಾಗಾದರೆ ಯಾವ ಬಾಟಲಿ? ನಿಮ್ಮನ್ನು ಪರೀಕ್ಷಿಸದೆ ಔಷಧ ಬರೆದುಕೊಡುವುದು ನನ್ನಿಂದಾಗದು. ಆದರೆ ನಿಮ್ಮ ಮೊದಲಿನ ವೈದ್ಯರ ಮುಂದೆ ಈ ಹಾಳೆಯನ್ನು ಇಟ್ಟು, ‘ಮತ್ತೆ 75ಕ್ಕೇ ಹೋಗಬಹುದೇ?’ ಎಂದು ಕೇಳಿ ಎಂಬುದು ನನ್ನ ಸಲಹೆ. ಮೂರು ವರ್ಷ ನಿಮ್ಮನ್ನು ನೆಟ್ಟಗೆ ಇಟ್ಟಿದ್ದ ಡೋಸ್ ಅದು, ತಪ್ಪು ಅದರದಲ್ಲ. ಅವರು ಒಪ್ಪಿದರೆ ಉಳಿದ ಮೂರು ಬಾಟಲಿಗಳನ್ನು ಮನೆಯ ಔಷಧದ ಡಬ್ಬಿಯಿಂದ ತೆಗೆದುಬಿಡಿ. ಬೆಳಗಿನ ಜಾವ ಅರೆಗಣ್ಣಿನಲ್ಲಿ ಕೈಗೆ ಸಿಕ್ಕ ಬಾಟಲಿಯ ಮಾತ್ರೆ ನುಂಗಿ, ‘ಟಿಎಸ್‌ಎಚ್ ಏಕೆ ಹೀಗೆ ಕುಣಿಯುತ್ತಿದೆ’ ಎಂದು ಕೇಳುತ್ತ ಬಂದವರನ್ನು ನಾನು ಕಂಡಿದ್ದೇನೆ. ಎಲ್ಲವೂ ಒಂದೇ ಗಾತ್ರದ ಪುಟ್ಟ ಗುಂಡು ಮಾತ್ರೆಗಳು, ಮುಚ್ಚಳ ತೆಗೆದ ಮೇಲೆ ಗುರುತು ಹಿಡಿಯುವುದು ಕಷ್ಟ.

ಕಾಫಿಯ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು. ಕಾಫಿಯೂ ಥೈರಾಕ್ಸಿನ್ ಹೀರಿಕೆಯನ್ನು ತಗ್ಗಿಸುತ್ತದೆ. ಬರಿ ನೀರಿನಲ್ಲಿ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆಯ ನಂತರ ಕಾಫಿ ಕುಡಿಯುವುದು ಪುಸ್ತಕದ ನಿಯಮ. ಆದರೆ ನಿಮ್ಮ 75 ಎಂಬ ಡೋಸ್ ಹೊಂದಿಕೊಂಡದ್ದು ಕಾಫಿಯ ಜೊತೆಗೇ ಎಂಬುದನ್ನು ಮರೆಯಬಾರದು. ಈಗ ಕಾಫಿಯನ್ನು ಬೇರ್ಪಡಿಸಿದರೆ ಅದೇ 75 ಸ್ವಲ್ಪ ಹೆಚ್ಚಿಗೆ ಕೆಲಸ ಮಾಡಬಹುದು. ಆದ್ದರಿಂದ ಎರಡರಲ್ಲಿ ಒಂದನ್ನು ನಿರ್ಧರಿಸಿ ಅದಕ್ಕೇ ಅಂಟಿಕೊಳ್ಳಿ. ನನ್ನನ್ನು ಕೇಳಿದರೆ ಬೇರ್ಪಡಿಸುವುದೇ ಒಳ್ಳೆಯದು, ಏಕೆಂದರೆ ದಿನಕ್ಕೊಂದು ಹದದ ಡಿಕಾಕ್ಷನ್, ದಿನಕ್ಕೊಂದು ಹೊತ್ತಿನ ಕಾಫಿ ಇವುಗಳ ಮೇಲೆ ಹಾರ್ಮೋನಿನ ಲೆಕ್ಕ ನಿಲ್ಲಬಾರದು. ಏಳುತ್ತಲೇ ಕಾಫಿ ಕುಡಿಯದಿದ್ದರೆ ಆಗದೆಂದರೆ ರಾತ್ರಿ ಊಟವಾದ ಮೂರು ಗಂಟೆಯ ನಂತರ, ಮಲಗುವ ಮುನ್ನ ಮಾತ್ರೆ ನುಂಗಬಹುದು. ನೆದರ್ಲೆಂಡ್ಸ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರಾತ್ರಿ ನುಂಗಿದವರ ಟಿಎಸ್‌ಎಚ್ ಬೆಳಿಗ್ಗೆ ನುಂಗಿದಾಗಿನದಕ್ಕಿಂತ ಚೆನ್ನಾಗಿ ಇಳಿದಿತ್ತು. ಒಂಬತ್ತೂವರೆಗೆ ಉಂಡು ಹತ್ತಕ್ಕೆ ಮಲಗುವ ಮನೆಗಳಲ್ಲಿ ಮಾತ್ರ ಇದು ನಡೆಯದ ಮಾತು.

ದಾವಣಗೆರೆಯ ಕಡೆ ಬೆಳಿಗ್ಗೆ ರಾಗಿ ಅಂಬಲಿಯೋ ಹಾಲು ಹಾಕಿದ ಮಾಲ್ಟೋ ಕುಡಿಯುವ ರೂಢಿ ನಿಮಗಿದ್ದರೆ ಅದನ್ನೂ ಗಮನಿಸಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆಹಾರವಾಗಿ ಅದು ಉತ್ತಮವೇ, ಮಾತ್ರೆಯ ಬೆನ್ನಿಗೇ ಬೇಡ, ಒಂದು ಗಂಟೆ ಕಳೆಯಲಿ. ಸೋಯಾಕ್ಕೂ ಇದೇ ಮಾತು. ಎಲೆಕೋಸು, ಹೂಕೋಸು ಬಿಡಬೇಕೆ ಎಂದು ಎಲ್ಲರೂ ಕೇಳುತ್ತಾರೆ. ಬೇಯಿಸಿದ ಪಲ್ಯವನ್ನು ಹದವಾಗಿ ತಿಂದರೆ ಯಾವ ತೊಂದರೆಯೂ ಇಲ್ಲ. ಅದಕ್ಕಿಂತ ನೀವು ಎಚ್ಚರವಹಿಸಬೇಕಾದದ್ದು ಗ್ಯಾಸ್ ಎಂದು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವ ಆಮ್ಲ ತಗ್ಗಿಸುವ ಮಾತ್ರೆಗಳ ಬಗ್ಗೆ. ಹೊಟ್ಟೆಯ ಆಮ್ಲ ಕಡಿಮೆಯಾದರೆ ಲೆವೊಥೈರಾಕ್ಸಿನ್ ಸರಿಯಾಗಿ ಕರಗುವುದಿಲ್ಲ. ಬಾಟಲಿಯನ್ನು ಅಡುಗೆಮನೆಯ ಒಲೆಯ ಮೇಲಿನ ಗೂಡಿನಲ್ಲಿ ಇಡಬೇಡಿ. ಬಿಸಿ, ತೇವ, ಬೆಳಕು ಮೂರೂ ಈ ಔಷಧಕ್ಕೆ ಆಗದು.

ಪರೀಕ್ಷೆಯ ದಿನದ ಬಗ್ಗೆ: ಬಯೋಟಿನ್ ನಿಂತು ಕನಿಷ್ಠ ಎರಡು ದಿನವಾದರೂ ಆಗಿರಬೇಕು, ವಾರವಾಗಿದ್ದರೆ ನಿಶ್ಚಿಂತೆ. ಟಿಎಸ್‌ಎಚ್ ರಾತ್ರಿಯಿಡೀ ಏರಿ ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ. ಒಂದು ಸಲ ಬೆಳಿಗ್ಗೆ ಏಳಕ್ಕೆ, ಇನ್ನೊಂದು ಸಲ ಕೆಲಸ ಮುಗಿಸಿ ಸಂಜೆ ನಾಲ್ಕಕ್ಕೆ ರಕ್ತ ಕೊಟ್ಟರೆ ಎರಡನ್ನೂ ಹೋಲಿಸಲು ಬರುವುದಿಲ್ಲ. ಬೆಳಿಗ್ಗೆಯೇ ಹೋಗಿ, ಅದೇ ಲ್ಯಾಬಿಗೆ ಹೋಗಿ. ಫ್ರೀ ಟಿ4 ಕೂಡ ಮಾಡಿಸುತ್ತಿದ್ದರೆ ರಕ್ತ ಕೊಟ್ಟ ಮೇಲೆ ಮಾತ್ರೆ ನುಂಗಿ, ಏಕೆಂದರೆ ನುಂಗಿದ ಎರಡು ನಾಲ್ಕು ಗಂಟೆಗಳಲ್ಲಿ ಅದು ತುಸು ಏರಿರುತ್ತದೆ. ರಿಪೋರ್ಟಿನಲ್ಲಿ ಅಂಕಿಯ ಪಕ್ಕದ ಘಟಕವನ್ನೂ ಓದಿ: ಒಂದು ಲ್ಯಾಬು ಫ್ರೀ ಟಿ4 ಅನ್ನು 1.2 ಎಂದೂ ಇನ್ನೊಂದು 15.4 ಎಂದೂ ಮುದ್ರಿಸಬಹುದು, ಎರಡೂ ಒಂದೇ ಪ್ರಮಾಣ. ಮೊದಲನೆಯದು ಡೆಸಿಲೀಟರಿಗೆ ನ್ಯಾನೋಗ್ರಾಂ, ಎರಡನೆಯದು ಲೀಟರಿಗೆ ಪಿಕೋಮೋಲ್. ಟೋಟಲ್ ಟಿ3, ಟೋಟಲ್ ಟಿ4 ನಿಮಗೆ ಸದ್ಯ ಬೇಕಿಲ್ಲ. ಆ್ಯಂಟಿ ಟಿಪಿಒ (ಥೈರಾಯ್ಡ್ ವಿರುದ್ಧ ದೇಹವೇ ಹುಟ್ಟಿಸುವ ಪ್ರತಿಕಾಯದ ಪರೀಕ್ಷೆ) ಒಮ್ಮೆ ಮಾಡಿಸಿದ್ದರೆ ಮತ್ತೆ ಮತ್ತೆ ಮಾಡಿಸುವುದು ದುಡ್ಡು ದಂಡ; ಅದರ ಏರಿಳಿತಕ್ಕೆ ತಕ್ಕಂತೆ ಡೋಸ್ ಬದಲಿಸುವುದಿಲ್ಲ. ಇನ್ನೊಂದು: ಸ್ಥಿರವಾಗಿರುವವರಲ್ಲಿಯೂ ಟಿಎಸ್‌ಎಚ್ ಒಂದು ಸಲ 2.4, ಇನ್ನೊಂದು ಸಲ 3.2 ಬರುವುದು ದೇಹದ ಸಹಜ ಏರಿಳಿತ. ಅದಕ್ಕೆ ಡೋಸ್ ಮುಟ್ಟಬಾರದು.

ಒಂದು ದಿನ ಮಾತ್ರೆ ಮರೆತರೆ ಗಾಬರಿ ಬೇಡ. ಅರ್ಧಾಯುಷ್ಯ ಒಂದು ವಾರವಾದ್ದರಿಂದ ಒಂದು ದಿನ ತಪ್ಪಿದರೆ ರಕ್ತದಲ್ಲಿ ಕಡಿಮೆಯಾಗುವುದು ಸುಮಾರು 10%. ನೆನಪಾದಾಗ ನುಂಗಿ; ಹೃದಯದ ತೊಂದರೆ ಇಲ್ಲದವರು ಮರುದಿನ ಎರಡನ್ನು ಸೇರಿಸಿ ನುಂಗಿದರೂ ನಡೆಯುತ್ತದೆ, ಏಕೆಂದರೆ ವಾರದ ಒಟ್ಟು ಮೊತ್ತ ಮುಖ್ಯ. ಆದರೆ ತಿಂಗಳೆಲ್ಲ ಬಿಟ್ಟು, ಪರೀಕ್ಷೆಗೆ ನಾಲ್ಕು ದಿನವಿದ್ದಾಗ ನಿಷ್ಠೆಯಿಂದ ನುಂಗಿ ಬರುವವರಿದ್ದಾರೆ. ಅವರ ರಿಪೋರ್ಟ್ ಅವರ ಗುಟ್ಟನ್ನು ಹೇಳಿಬಿಡುತ್ತದೆ: ಫ್ರೀ ಟಿ4 ಸರಿಯಾಗಿರುತ್ತದೆ, ಟಿಎಸ್‌ಎಚ್ ಮಾತ್ರ ಎತ್ತರದಲ್ಲೇ ಇರುತ್ತದೆ. ಅಂಥವರಿಗೆ ಡೋಸ್ ಏರಿಸಿ, ಮುಂದೆ ಅವರು ದಿನವೂ ನುಂಗತೊಡಗಿದರೆ ನಿಮ್ಮ ಜುಲೈ ತಿಂಗಳು ಅವರಿಗೂ ಬರುತ್ತದೆ.

ಇಲ್ಲಿ ಹೇಳಿದ ಲೆಕ್ಕವನ್ನು ಮನೆಯ ಬೇರೆಯವರಿಗೆ ಹಾಗೆಯೇ ಅನ್ವಯಿಸಬೇಡಿ. ಈ ಮಾತ್ರೆ ನುಂಗುತ್ತಿರುವವರು ಗರ್ಭಿಣಿಯಾದರೆ ಆರು ವಾರ ಕಾಯುವಂತಿಲ್ಲ. ಡೋಸ್ ಸಾಮಾನ್ಯವಾಗಿ 25ರಿಂದ 30% ಏರಬೇಕಾಗುತ್ತದೆ, ತಿಳಿದ ದಿನವೇ ವೈದ್ಯರಿಗೆ ಹೇಳಬೇಕು, ಮೊದಲ ತಿಂಗಳುಗಳಲ್ಲಿ ನಾಲ್ಕು ವಾರಕ್ಕೊಮ್ಮೆ ಪರೀಕ್ಷೆ ಬೇಕು. ಎಪ್ಪತ್ತು ದಾಟಿದವರಲ್ಲಿ ಟಿಎಸ್‌ಎಚ್ 5, 6 ಇರುವುದು ಕಾಯಿಲೆಯೇ ಆಗಬೇಕೆಂದಿಲ್ಲ, ಹೃದ್ರೋಗವಿದ್ದರೆ 12.5 ಅಥವಾ 25ರಿಂದ ಮೆಲ್ಲಗೆ ಶುರುಮಾಡುತ್ತೇವೆ. ಥೈರಾಯ್ಡ್ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದ ಕೆಲವರಲ್ಲಿ ಟಿಎಸ್‌ಎಚ್ಚನ್ನು ಬೇಕೆಂದೇ ತಗ್ಗಿಸಿ ಇಟ್ಟಿರುತ್ತಾರೆ. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗಿ ಪಿಟ್ಯೂಟರಿಯೇ ಹಾಳಾದವರಲ್ಲಿ ಟಿಎಸ್‌ಎಚ್ಚನ್ನು ನಂಬುವಂತೆಯೇ ಇಲ್ಲ, ಫ್ರೀ ಟಿ4 ನೋಡಿಯೇ ನಡೆಯಬೇಕು.

ನಿಮ್ಮ ಹಿಮೋಗ್ಲೋಬಿನ್ ಏಕೆ ಇಳಿಯಿತು ಎಂಬುದನ್ನು ಯಾರೂ ನೋಡಿದಂತೆ ಕಾಣುವುದಿಲ್ಲ. ಈ ವಯಸ್ಸಿನಲ್ಲಿ ಮುಟ್ಟಿನ ಸ್ರಾವ ಹೆಚ್ಚಿರುವುದು ಸಾಮಾನ್ಯ ಕಾರಣ, ಥೈರಾಕ್ಸಿನ್ ಕೊರತೆಯೂ ಅದನ್ನು ಹೆಚ್ಚಿಸುತ್ತದೆ. ಕಾರಣ ಹುಡುಕದಿದ್ದರೆ ಬರುವ ವರ್ಷ ಮತ್ತೆ ಕಬ್ಬಿಣದ ಮಾತ್ರೆ ಬರುತ್ತದೆ. ಬಂದರೆ ಅದನ್ನು ಮಧ್ಯಾಹ್ನದ ಊಟದ ನಂತರ ನುಂಗಿ. ಥೈರಾಯ್ಡ್ ಮಾತ್ರೆ ಬೆಳಿಗ್ಗೆಯದೇ ಇರಲಿ.

ನವೆಂಬರ್ ಮೊದಲ ವಾರದಲ್ಲಿ 75 ಶುರುವಾದರೆ ಡಿಸೆಂಬರ್ ಕೊನೆಯ ವಾರ ಪರೀಕ್ಷೆಗೆ ಸರಿಯಾದ ಸಮಯ. ಅದಕ್ಕೂ ಮೊದಲು, ಎಷ್ಟೇ ಕುತೂಹಲವಾದರೂ, ಲ್ಯಾಬಿಗೆ ಹೋಗಬೇಡಿ. ಆಗ ಟಿಎಸ್‌ಎಚ್ 0.5ರಿಂದ 4ರ ಒಳಗೆ ಬಂದಿದ್ದರೆ ಅದೇ ಡೋಸ್ ಮುಂದುವರಿಸಿ, ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ನೋಡಿದರೆ ಸಾಕು. 5ರಿಂದ 10ರ ನಡುವೆ ಉಳಿದಿದ್ದರೆ ವೈದ್ಯರು ಬಹುಶಃ 12.5 ಸೇರಿಸಬಹುದು, ಅಥವಾ ಒಂದು ದಿನ 75, ಮರುದಿನ 100 ಎಂದು ಹೇಳಬಹುದು. 100ರ ಬಾಟಲಿಯನ್ನು ಅಷ್ಟರವರೆಗೆ ಎಲ್ಲಾದರೂ ಬೇರೆ ಕಡೆ ಎತ್ತಿಡಿ. ಈ ನಡುವೆ ಎದೆ ನೋವು, ಲಯ ತಪ್ಪಿದ ಬಡಿತ, ಉಸಿರು ಕಟ್ಟುವುದು ಕಂಡರೆ ಯಾವ ತಾರೀಖನ್ನೂ ನೋಡದೆ ನೇರ ಆಸ್ಪತ್ರೆಗೆ ಹೋಗಿ. 125ರ ಬಾಟಲಿಯನ್ನು ತೆರೆಯದಿದ್ದರೆ ಬಿಲ್ಲಿನ ಜೊತೆ ಔಷಧಂಗಡಿಯಲ್ಲಿ ಕೇಳಿ ನೋಡಿ, ವಾಪಸ್ ತೆಗೆದುಕೊಂಡರೂ ತೆಗೆದುಕೊಳ್ಳಬಹುದು.